ಬೆಟ್ಟದ ಹೆಸರಿನ ಹಡಗು

ಬೊಂಬಾಯಿ
3 ಜೂನ್ 1973

ಪ್ರೀತಿಯ ಸಣ್ಣಕ್ಕನಿಗೆ ಮಾದೇಶನ ನಮಸ್ಕಾರ.

ಕ್ಷೇಮವಾಗಿ ಬಂದು ಸೇರಿದೆ. ನೀನು ಕಟ್ಟಿಕೊಟ್ಟ ರಾಗಿ ಹುರಿಹಿಟ್ಟು ಗುಂತಕಲ್ ದಾಟುವಷ್ಟರಲ್ಲಿ ಮುಗಿದುಹೋಯಿತು. ಎದುರಿಗೆ ಕೂತಿದ್ದ ಮರಾಠಿ ಮುದುಕಿಗೆ ಅದರ ರುಚಿ ಹತ್ತಿಬಿಟ್ಟಿತು, ನಾನೇನು ಮಾಡಲಿ?

ನಾವು ಹಡಗು ಕಟ್ಟುವ ಯಾರ್ಡು ಚಿಕ್ಕದು. ನಕ್ಷೆ ಬರೆಯುವ ಆಫೀಸು ಮಹಡಿಯ ಮೇಲೆ. ನನ್ನ ಮೇಲಿನವರು ರಾಜಗೋಪಾಲ್ ಅಂತ, ಸೇಲಂ ಕಡೆಯವರು. ಮನೆಯಲ್ಲಿ ನಮ್ಮ ಹಾಗೇ ಕನ್ನಡ, ಓದಿದ್ದೆಲ್ಲ ತಮಿಳು. ಮೊದಲ ದಿನವೇ, "ಎನ್ನ ತಂಬೀ, ಯಾವೂರ್ಲಾ ನಿಂದು?" ಅಂದರು. ಅದಿಯಮಾನ್‌ಕೋಟೆ ಅಂದೆ. "ಅಯ್ಯೋ, ನಮ್ಮ ಮಗ್ಗಲಾಗೇ ಐತಲ್ಲೋ! ಕಡಲು ನೋಡಿದ್ಯೇನ್ಲಾ ಇದಕ್ಕೆ ಮುಂಚೆ?" ಇಲ್ಲ ಅಂದೆ. ಹೊಟ್ಟೆ ಹಿಡಿದುಕೊಂಡು ನಕ್ಕರು.

ಇಲ್ಲಿ ಈಗ ಪ್ರಯಾಣಿಕರ ಹಡಗೊಂದು ಕಟ್ಟುತ್ತಿದ್ದಾರೆ. ಹೆಸರು ಸಿಂಧುಪುತ್ರಿ. ಕರಾವಳಿಯ ಊರುಗಳಿಗೆ ಇನ್ನೂರು ಜನರನ್ನು ಒಯ್ಯುವಂಥದ್ದು. ನನ್ನ ಕೆಲಸ ಅದರ ತೂಕದ ಪಟ್ಟಿ. ಒಂದೊಂದು ಸಾಮಾನೂ ಎಷ್ಟು ತೂಕ, ಎಷ್ಟು ಎತ್ತರದಲ್ಲಿ ಕೂರುತ್ತದೆ, ಎರಡನ್ನೂ ಬರೆಯಬೇಕು. ಅದೇ ಮೂಟೆ ಗಾಡಿಯ ತಳದಲ್ಲಿದ್ದರೆ ಗಾಡಿ ಅಲ್ಲಾಡದು, ಹುಲ್ಲಿನ ಹೊರೆಯ ಮೇಲೆ ಕೂತರೆ ಮಗುಚುತ್ತದೆ ಅಲ್ಲವೇ?

ಕಲಿಯುವುದಕ್ಕೆ ಅಂತ ರಾಜಗೋಪಾಲ್ ಒಂದು ಹಳೆಯ ಹಡಗಿನ ನಕ್ಷೆ ಕೊಟ್ಟಿದ್ದಾರೆ. ಹೊಸದಾಗಿ ಬಂದವರಿಗೆಲ್ಲ ಅದನ್ನೇ ಕೊಡುತ್ತಾರಂತೆ. ಜಪಾನಿನವರ ಯುದ್ಧದ ಹಡಗು, ಕ್ರೂಸರ್ ಅನ್ನುತ್ತಾರೆ. ಸುಮಾರು ತೊಂಬತ್ತು ವರ್ಷದ ಹಿಂದಿನದು. ಆಗಿನ್ನೂ ಅವರು ಇಂಥ ದೊಡ್ಡ ಹಡಗುಗಳನ್ನು ಹೊರದೇಶದವರ ಕೈಲಿ ಕಟ್ಟಿಸುತ್ತಿದ್ದರು. ಇದನ್ನು ಫ್ರಾನ್ಸಿನಲ್ಲಿ ಕಟ್ಟಿದ್ದು. ಹೆಸರು ಉನೆಬಿ. ಅದು ಅವರ ದೇಶದ ಒಂದು ಬೆಟ್ಟದ ಹೆಸರಂತೆ. ಎಷ್ಟು ಚೆಂದದ ಹಡಗು ಗೊತ್ತಾ ಅಕ್ಕಾ!

ಭಾವನಿಗೆ ನಮಸ್ಕಾರ ಹೇಳು.

ನಿನ್ನ ತಮ್ಮ,
ಮಾದೇಶ


ಅದಿಯಮಾನ್‌ಕೋಟೆ
19 ಜೂನ್ 1973

ತಮ್ಮ ಮಾದೇಶನಿಗೆ ಅಕ್ಕನ ಆಶೀರ್ವಾದ.

ಹುರಿಹಿಟ್ಟನ್ನು ಮರಾಠಿ ಮುದುಕಿಗೆ ಹಂಚಿದೆಯಾ? ನನ್ನ ಕೈ ನೋವು ನಿನಗೇನು ಗೊತ್ತು! ಇರಲಿ, ಯಾರಾದರೂ ಬರುವವರಿದ್ದರೆ ಮತ್ತೆ ಕಳಿಸುತ್ತೇನೆ.

ಹಡಗಿಗೆ ಬೆಟ್ಟದ ಹೆಸರು ಇಡುವವರು ಎಂಥ ಜನವೋ! ನಿನ್ನ ಭಾವನಿಗೆ ಓದಿ ಹೇಳಿದೆ. "ಬೆಟ್ಟ ಎಲ್ಲಾನಾ ತೇಲ್ತದಾ? ಮುಳುಗೋಗ್ತದೆ, ಅಷ್ಟೆ" ಅಂದರು. ನಾನು ಬೈದೆ. ಬಾಯಿಗೆ ಬಂದದ್ದು ಆಡಬಾರದು.

ಆನೇಕಲ್ಲಿನ ಮಾವ ನಮ್ಮಿಬ್ಬರಿಗೂ ಕನ್ನಡ ಅಕ್ಷರ ಕಲಿಸದೇ ಇದ್ದಿದ್ದರೆ ಈಗ ನಿನ್ನ ಕಾಗದ ಹಿಡಿದು ಯಾರ ಮನೆ ಬಾಗಿಲಿಗೆ ಹೋಗಬೇಕಿತ್ತೋ. ಇಲ್ಲಿ ಎಲ್ಲರಿಗೂ ತಮಿಳೇ ಓದು.

ಹೋದ ವಾರ ಉಣ್ಣೆ ಮೂಟೆ ಕಳಿಸಲು ಮೊರಪ್ಪೂರಿಗೆ ಹೋಗಿದ್ದೆ. ಸ್ಟೇಷನ್ನಿನ ಗೂಡ್ಸ್ ಶೆಡ್ಡಿನ ಹತ್ತಿರ ಹರಿಗೋಲಿನ ಜವರಪ್ಪನನ್ನು ನೋಡಿದೆ. ಮೂಟೆ ಹೊರುತ್ತಿದ್ದಾನೆ. ಮುದುಕನಾಗಿದ್ದಾನೆ. ನಾನು ಸೆರಗು ಮುಚ್ಚಿಕೊಂಡು ಆ ಕಡೆಯಿಂದ ಹೋಗಿಬಿಟ್ಟೆ.

ಆ ಬೆಟ್ಟದ ಹಡಗಿನ ಕಥೆ ಪೂರ್ತಿ ಬರಿ. ಹರಿಗೋಲಿಗೆ ಕುರಿ ಹತ್ತಿಸುವಾಗಲೂ ಇದೇ ಲೆಕ್ಕವೇ, ಭಾರ ಎಲ್ಲಿ ಕೂರಬೇಕು ಅಂತ. ಬಿಡು, ಅದೆಲ್ಲ ಯಾಕೆ ಈಗ.

ನಿನ್ನ ಅಕ್ಕ,
ಸಣ್ಣಕ್ಕ


ಬೊಂಬಾಯಿ
8 ಜುಲೈ 1973

ಪ್ರೀತಿಯ ಅಕ್ಕನಿಗೆ,

ಜವರಪ್ಪನ ಹೆಸರು ನನಗೆ ಬರೆಯಬೇಡ. ಅಪ್ಪನನ್ನು ನೀರುಪಾಲು ಮಾಡಿದವನು ಮುದುಕನಾದರೆ ನನಗೇನು, ಏನಾದರೆ ನನಗೇನು.

ಉನೆಬಿಯ ಕಥೆ ಕೇಳು. ಫ್ರಾನ್ಸಿನ ಒಂದು ಬಂದರಿನಲ್ಲಿ 1884ರಲ್ಲಿ ಕಟ್ಟಲು ಶುರುಮಾಡಿ, ಎರಡು ವರ್ಷಕ್ಕೆ ನೀರಿಗೆ ಇಳಿಸಿದರು. ಉಕ್ಕಿನ ಮೈ. ಉದ್ದ ಮುನ್ನೂರು ಅಡಿಗೂ ಹೆಚ್ಚು. ಆವಿಯ ಎಂಜಿನ್ನೂ ಇದೆ, ಹಾಯಿ ಕಟ್ಟಲು ಮೂರು ಕಂಬವೂ ಇದೆ. ಪಕ್ಕೆಗಳು ಮೇಲೆ ಹೋಗುತ್ತಾ ಒಳಕ್ಕೆ ಬಾಗುತ್ತವೆ, ನಮ್ಮ ರಾಗಿ ಗುಡಾಣದ ಹಾಗೆ. ಬಾಗಿದ ಆ ಪಕ್ಕೆಗಳಿಂದ ಹೊರಚಾಚಿದ ಕಟ್ಟೆಗಳ ಮೇಲೆ ನಾಲ್ಕು ದೊಡ್ಡ ಫಿರಂಗಿ. ಒಂದೊಂದೂ ಸರಕು ತುಂಬಿದ ಎರಡು ಲಾರಿಯಷ್ಟು ಭಾರ. ಅದು ಸಾಲದು ಅಂತ ಸಣ್ಣವು ಬೇರೆ ಏಳು. ಜಪಾನಿನವರಿಗೆ ಚಿಕ್ಕ ಹಡಗಿನಲ್ಲಿ ದೊಡ್ಡ ಬಲ ಬೇಕಿತ್ತು. ಫ್ರಾನ್ಸಿನವರು ಕೇಳಿದ್ದನ್ನೆಲ್ಲ ಹೊರಿಸಿದರು.

ಈ ವಾರ ಸಿಂಧುಪುತ್ರಿಯನ್ನು ಬೇಕಂತಲೇ ವಾಲಿಸಿ ನೋಡಿದೆವು. ಹೌದು, ಅದೊಂದು ಪರೀಕ್ಷೆ! ಡೆಕ್ಕಿನ ಮೇಲೆ ಕಬ್ಬಿಣದ ದಿಮ್ಮಿಗಳನ್ನು ಒಂದು ಪಕ್ಕದಿಂದ ಇನ್ನೊಂದಕ್ಕೆ ಸರಿಸುತ್ತಾರೆ. ಒಳಗೆ ಉದ್ದದ ದಾರಕ್ಕೆ ತೂಗುಗುಂಡು ಕಟ್ಟಿ, ಹಡಗು ಎಷ್ಟು ವಾಲಿತು ಅಂತ ಅಳೆಯುತ್ತಾರೆ. ಗುಂಡಿನ ಹತ್ತಿರ ಕೂತವನು ನಾನೇ. ಪಾಸಾಯಿತು. ಎಲ್ಲರಿಗೂ ಪೇಡ ಹಂಚಿದರು.

ನಿನ್ನ ತಮ್ಮ,
ಮಾದೇಶ


ಅದಿಯಮಾನ್‌ಕೋಟೆ
30 ಜುಲೈ 1973

ತಮ್ಮ ಮಾದೇಶನಿಗೆ,

ಎಲ್ಲ ಬರೆದೆ, ಆಮೇಲೆ ಆ ಬೆಟ್ಟದ ಹಡಗು ಏನಾಯಿತು ಅಂತ ಬರೆಯಲಿಲ್ಲ. ನಿನ್ನ ಭಾವ ದಿನಾ ಕೇಳುತ್ತಾರೆ. ನೀನು ಚಿಕ್ಕವನಿದ್ದಾಗಿನಿಂದಲೂ ಹೀಗೇ. ಕೆಟ್ಟ ಸುದ್ದಿಯನ್ನು ಬಾಯಲ್ಲೇ ಇಟ್ಟುಕೊಂಡು ಓಡಾಡುತ್ತೀಯ. ನೇರವಾಗಿ ಬರಿ.

ಸಣ್ಣಕ್ಕ


ಬೊಂಬಾಯಿ
26 ಆಗಸ್ಟ್ 1973

ಪ್ರೀತಿಯ ಅಕ್ಕನಿಗೆ,

ಅದು ಮನೆ ಸೇರಲಿಲ್ಲ.

1886ರ ಅಕ್ಟೋಬರಿನಲ್ಲಿ ಫ್ರಾನ್ಸಿನಿಂದ ಹೊರಟಿತು. ಡಿಸೆಂಬರ್ ಮೂರಕ್ಕೆ ಸಿಂಗಾಪುರ ಬಿಟ್ಟಿತು. ಅಲ್ಲಿಂದಾಚೆಗೆ ಅದನ್ನು ಕಂಡವರಿಲ್ಲ. ಒಂದು ಹಲಗೆ ಸಿಗಲಿಲ್ಲ, ಒಂದು ಹೆಣ ಸಿಗಲಿಲ್ಲ. ಯಾಕೆ ಹಾಗಾಯಿತು ಅಂತ ಇವತ್ತಿಗೂ ಯಾರೂ ಖಚಿತವಾಗಿ ಹೇಳಲಾರರು. ಮೇಲಿನ ಭಾರ ಹೆಚ್ಚಾಗಿ, ಬಿರುಗಾಳಿಯಲ್ಲಿ ಮಗುಚಿತು ಅಂತ ಬಲ್ಲವರ ಅನುಮಾನ.

ಹೆದರಬೇಡ. ನಮ್ಮದು ಅಂಥದ್ದಲ್ಲ. ಪರೀಕ್ಷೆ ಮುಗಿದ ಮೇಲೆ ಹಡಗಿನ ಮಾಲೀಕರು, ಮೇಲ್ಡೆಕ್ಕಿಗೆ ಜನ ಕೂರಲು ಒಂದು ಚಾವಣಿ, ಅದರ ಮೇಲೆ ಕುಡಿಯುವ ನೀರಿನ ಟ್ಯಾಂಕು ಬೇಕು ಅಂದರು. ಅವೆರಡರ ಲೆಕ್ಕವನ್ನು ನಾನೊಬ್ಬನೇ ಮಾಡಿದೆ. ಹಡಗನ್ನು ಮತ್ತೆ ವಾಲಿಸಿ ನೋಡುವ ಅಗತ್ಯವಿಲ್ಲ, ಲೆಕ್ಕವೇ ಸಾಕು ಅಂದರು ಯಾರ್ಡಿನವರು. ರಾಜಗೋಪಾಲ್ ಸಹಿ ಹಾಕಿದರು. "ನಿನ್ ಮೇಲೆ ನಂಬ್ಕೆ ಐತೆ ತಂಬಿ" ಅಂದರು, ಹಾಳೆ ತಿರುವಿಯೂ ನೋಡಲಿಲ್ಲ.

ಈಗ ಬಿಡುವಿದ್ದಾಗ ಉನೆಬಿಯ ಲೆಕ್ಕ ಮಾಡುತ್ತಿದ್ದೇನೆ. ಅದರ ತೂಕದ ಅಂಕಿಗಳೇನೂ ಅಸಲಿಯಲ್ಲ, ಕಲಿಸುವುದಕ್ಕೆ ರಾಜಗೋಪಾಲರೇ ಅಂದಾಜಿನಲ್ಲಿ ಹಾಕಿದ್ದು. ನನ್ನ ಲೆಕ್ಕದ ಪ್ರಕಾರ ಅದು ಮುಳುಗಲೇಬಾರದು, ನೋಡು!

ನಿನ್ನ ತಮ್ಮ,
ಮಾದೇಶ


ಬೊಂಬಾಯಿ
16 ಸೆಪ್ಟೆಂಬರ್ 1973

ಅಕ್ಕಾ,

ಇದನ್ನು ಭಾವನಿಗೆ ಓದಬೇಡ.

ಮೊನ್ನೆ ಉನೆಬಿಯ ಲೆಕ್ಕ ತೋರಿಸಿದೆ. ರಾಜಗೋಪಾಲ್ ಕನ್ನಡಕ ಏರಿಸಿ ನೋಡಿ, "ಏನ್ಲಾ ಇದು! ನಿನ್ ಲೆಕ್ಕದಾಗೆ ಈ ಕಪ್ಪಲ್ ಇನ್ನೂ ತೇಲ್ತಾ ಐತಲ್ಲೋ!" ಅಂತ ಆಫೀಸಿಗೆಲ್ಲ ಕೇಳುವ ಹಾಗೆ ನಕ್ಕರು. ಕೆಂಪು ಪೆನ್ಸಿಲಿನಲ್ಲಿ ಗೀಟು ಹಾಕಿದರು. ಎತ್ತರವನ್ನು ಹಡಗಿನ ತಳದಿಂದ ಅಳೆಯಬೇಕು. ನಾನು ಫಿರಂಗಿಗಳ ಎತ್ತರವನ್ನು ಡೆಕ್ಕಿನಿಂದ ಅಳೆದಿದ್ದೆ. ಅಷ್ಟು ಭಾರವನ್ನು ಹಾಳೆಯ ಮೇಲೆ ಹಡಗಿನ ಹೊಟ್ಟೆಯೊಳಕ್ಕೆ ಇಳಿಸಿಬಿಟ್ಟಿದ್ದೆ.

ನಾನೂ ನಕ್ಕೆ. ನಗುತ್ತಿರುವಾಗಲೇ ಇನ್ನೊಂದು ಲೆಕ್ಕ ನೆನಪಾಯಿತು. ಬೀರುವಿನಿಂದ ಸಿಂಧುಪುತ್ರಿಯ ಹಾಳೆ ತೆಗೆದು ನೋಡಿದೆ. ಚಾವಣಿ, ಟ್ಯಾಂಕು, ಎರಡನ್ನೂ ಡೆಕ್ಕಿನಿಂದಲೇ ಅಳೆದಿದ್ದೇನೆ. ತಳದಿಂದ ಇಪ್ಪತ್ತಾರು ಅಡಿ ಮೇಲೆ ಕೂರುವ ನೀರನ್ನು ಎಂಟು ಅಡಿಯಲ್ಲಿ ಕೂರಿಸಿದ್ದೇನೆ. ಆ ಚಾವಣಿಯ ಕೆಳಗೆ ಕೂರುವ ಜನರನ್ನೂ ಹಾಗೇ.

ಮೂರು ಸಲ ಮತ್ತೆ ಲೆಕ್ಕ ಹಾಕಿದೆ. ಶಾಂತವಾದ ನೀರಿನಲ್ಲಿ ಏನೂ ಆಗದು. ಗಾಳಿ ಬೀಸಿ, ಜನ ಎಲ್ಲ ಒಂದೇ ಪಕ್ಕಕ್ಕೆ ಬಂದರೆ ಅದು ಮೇಲೇಳುವುದಿಲ್ಲ.

ನವೆಂಬರ್ ಹದಿನೈದಕ್ಕೆ ಮೊದಲ ಪ್ರಯಾಣ. ರಾಜಗೋಪಾಲ್ ಡಿಸೆಂಬರಿನಲ್ಲಿ ರಿಟೈರ್ ಆಗುತ್ತಾರೆ, ಹಾಳೆಯ ಮೇಲೆ ಅವರ ಸಹಿ ಇದೆ. ನನ್ನದು ಇನ್ನೂ ಕಾಯಂ ಆಗದ ಕೆಲಸ. ಅಕ್ಕಾ, ನನಗೆ ತುಂಬಾ ಭಯವಾಗುತ್ತಿದೆ. ಹೇಳಲಾ, ಬೇಡವಾ?

ಮಾದೇಶ


ಅದಿಯಮಾನ್‌ಕೋಟೆ
24 ಸೆಪ್ಟೆಂಬರ್ 1973

ಮಾದೇಶಾ,

ಬಾಯಿ ಬಿಡಬೇಡ.

ದೊಡ್ಡವರು ಸಹಿ ಹಾಕಿದ ಮೇಲೆ ಅದು ದೊಡ್ಡವರ ತಪ್ಪು. ನಿನ್ನ ಲೆಕ್ಕವೇ ಸರಿ ಅಂತ ಏನು ಗ್ಯಾರಂಟಿ? ಒಂದು ಸಲ ತಪ್ಪಿದವನು ಮೂರು ಸಲವೂ ತಪ್ಪಿರಬಹುದು. ಬೇರೆ ಯಾರಾದರೂ ನೋಡುತ್ತಾರೆ. ಅಷ್ಟು ಜನರಿರುವ ಯಾರ್ಡಿನಲ್ಲಿ ನೀನೊಬ್ಬನೇನಾ ಲೆಕ್ಕ ಬಲ್ಲವನು? ನಿನ್ನನ್ನು ಜೈಲಿಗೆ ಹಾಕಿದರೆ ನಾನು ಎಲ್ಲಿಗೆ ಹೋಗಿ ಯಾರ ಕಾಲು ಹಿಡಿಯಲಿ?

ಮಾತಾಡದೆ ಇದ್ದರೆ ಸ್ವಲ್ಪ ದಿನದಲ್ಲಿ ಅದು ತಾನಾಗಿ ಹಳೆಯದಾಗುತ್ತದೆ. ನಾನು ತಿಳಿದೇ ಹೇಳುತ್ತಿದ್ದೇನೆ. ಈ ಕಾಗದ ಹರಿದು ಹಾಕು.

ಸಣ್ಣಕ್ಕ


ಬೊಂಬಾಯಿ
9 ಅಕ್ಟೋಬರ್ 1973

ಅಕ್ಕನಿಗೆ,

ನೀನು ಹೇಳಿದ ಹಾಗೇ ಇದ್ದೇನೆ. ಯಾರಿಗೂ ಹೇಳಿಲ್ಲ.

ಆಯುಧಪೂಜೆಗೆ ಹಡಗಿಗೆ ಕುಂಬಳಕಾಯಿ ಒಡೆದರು. ರಾಜಗೋಪಾಲ್ ಮನೆಯವರನ್ನೂ ಕರೆತಂದಿದ್ದರು. ನವೆಂಬರ್ ಹದಿನೈದರಂದು ಅವರ ಹೆಂಡತಿ, ಮಗಳು, ಮೊಮ್ಮಕ್ಕಳು ಅದೇ ಹಡಗಿನಲ್ಲಿ ಹೋಗುತ್ತಾರಂತೆ. "ಮೇಲ್ಗಡೆ ಚಾವಣಿ ಕೆಳಗೆ ಒಳ್ಳೆ ಸೀಟು ಇಡ್ಸಿದ್ದೀನಿ, ಗಾಳಿ ಚೆನ್ನಾಗಿ ಬರ್ತದೆ" ಅಂದರು. ನಾನು ತಲೆಯಾಡಿಸಿದೆ. ಪಾಯಸ ಕೊಟ್ಟರು. ಕುಡಿದು, ಅವರ ಮೊಮ್ಮಗುವನ್ನು ಎತ್ತಿ ಆಡಿಸಿದೆ.

ಅನ್ನ ಸೇರುತ್ತಿಲ್ಲ. ಮತ್ತೇನೂ ಬರೆಯಲು ತೋಚುತ್ತಿಲ್ಲ.

ಮಾದೇಶ


ಅದಿಯಮಾನ್‌ಕೋಟೆ
21 ಅಕ್ಟೋಬರ್ 1973

ಮಾದೇಶಾ,

ಇದನ್ನು ಒಬ್ಬನೇ ಇದ್ದಾಗ ಓದು. ಕೂತುಕೊಂಡು ಓದು.

ಬಾಯಿ ಬಿಡಬೇಡ ಅಂತ ನಿನಗೆ ಬರೆದವಳು ನಾನೇ. ನೀನು ಆ ಮೊಮ್ಮಕ್ಕಳ ವಿಷಯ ಬರೆದ ಮೇಲೆ ನನ್ನ ಕೈಲಿ ತಡೆಯಲು ಆಗಲಿಲ್ಲ.

ಅಪ್ಪ ಸತ್ತ ದಿನ ಮೆಟ್ಟೂರು ಡ್ಯಾಮಿನ ಹಿನ್ನೀರಿನಲ್ಲಿ ಆಚೆ ದಡಕ್ಕೆ ಕುರಿ ಸಾಗಿಸುತ್ತಿದ್ದೆವು. ನೀನು ಆರು ವರ್ಷದವನು, ಅವ್ವನ ಜೊತೆ ಈಚೆ ದಡದಲ್ಲಿದ್ದೆ. ನನಗೆ ಹನ್ನೆರಡು. ಕೊನೆಯ ಸಲ ಹರಿಗೋಲಿನಲ್ಲಿ ಅಪ್ಪ, ನಾನು, ಹುಟ್ಟು ಹಾಕುವ ಜವರಪ್ಪ, ಹನ್ನೊಂದು ಕುರಿ, ಒಂದು ಮರಿ. ಪದ್ಧತಿ ನಿನಗೂ ಗೊತ್ತು: ನಾಲ್ಕು ಕಾಲೂ ಸೇರಿಸಿ ಕಟ್ಟಿ, ಮಲಗಿಸಿಯೇ ಕುರಿಯನ್ನು ಹತ್ತಿಸಬೇಕು. ಕಟ್ಟುವವನು ಹರಿಗೋಲಿನವನು. ಅವನು ಹಾಕಿದ ಗಂಟನ್ನು ದಡ ಸೇರುವ ತನಕ ಬೇರೆ ಯಾರೂ ಮುಟ್ಟುವ ಹಾಗಿಲ್ಲ.

ಆ ಮರಿ ನನ್ನ ತೊಡೆಯ ಮೇಲಿತ್ತು. ಒಂದೇ ಸಮನೆ ಅರಚುತ್ತಿತ್ತು. ಹಗ್ಗ ಅದರ ಕಾಲಿಗೆ ಕೊರೆಯುತ್ತಿದೆ ಅನ್ನಿಸಿತು. ಅಪ್ಪ ಆ ಕಡೆ ತಿರುಗಿದ್ದಾಗ ಬಿಚ್ಚಿಬಿಟ್ಟೆ. ಕೈಯಲ್ಲಿ ಆಗಲಿಲ್ಲ, ಹಲ್ಲಲ್ಲಿ ಕಚ್ಚಿ ಬಿಚ್ಚಿದೆ. ಅದು ಜಿಗಿದು ಹರಿಗೋಲಿನ ಅಂಚಿಗೆ ಹೋಯಿತು. ಹಿಡಿಯಲು ಅಪ್ಪ ಎದ್ದು ನಿಂತರು. ಹರಿಗೋಲು ಆ ಕಡೆ ವಾಲಿತು, ಕಟ್ಟಿದ್ದ ಕುರಿಗಳೆಲ್ಲ ಉರುಳಿಕೊಂಡು ಅದೇ ಕಡೆಗೆ ಬಂದವು.

ನನ್ನ ಜಡೆ ಹಿಡಿದು ದಡಕ್ಕೆ ಎಳೆದು ತಂದವನು ಜವರಪ್ಪ. ಅಪ್ಪನನ್ನು ಹುಡುಕಲು ಅವನು ಮತ್ತೆ ಮತ್ತೆ ಮುಳುಗಿದ. ಜನ ಸೇರಿ, ಈಜಿ ದಡ ಸೇರಿದ್ದ ಮರಿಯ ಕಾಲು ಬಿಚ್ಚಿದ್ದನ್ನು ನೋಡಿ, "ನೆಟ್ಟಗೆ ಕಟ್ಟಕ್ ಬರಾಕಿಲ್ವೇನ್ಲಾ ನಿಂಗೆ" ಅಂತ ಅವನನ್ನೇ ಹೊಡೆದರು. ನಾನು ಕಣ್ಣು ಮುಚ್ಚಿ ಮಲಗಿದ್ದೆ. ಬೈಗುಳ, ಏಟು ಕೇಳಿಸುತ್ತಿತ್ತು. ಆಮೇಲೆ ಅವನ ಹರಿಗೋಲಿಗೆ ಯಾರೂ ಕಾಲಿಡಲಿಲ್ಲ. ಅವ್ವ ಸಾಯುವ ತನಕ ಅವನಿಗೆ ಶಾಪ ಹಾಕಿದಳು, ನಾನು ಪಕ್ಕದಲ್ಲಿ ಕೂತು ಕೇಳಿಸಿಕೊಂಡೆ.

ಇಪ್ಪತ್ತು ವರ್ಷವಾಯಿತು. ಹಳೆಯದಾಗುತ್ತದೆ ಅಂತ ನಿನಗೆ ಬರೆದಿದ್ದೆನಲ್ಲ, ಅದು ಸುಳ್ಳು. ಹೋಗಿ ಹೇಳಿಬಿಡು ಮಾದೇಶ. ನಿನ್ನ ಕೆಲಸ ಹೋಗಲಿ.

ನನ್ನನ್ನು ಏನು ಬೇಕಾದರೂ ಅನ್ನು, ಉತ್ತರ ಮಾತ್ರ ಬರಿ.

ಸಣ್ಣಕ್ಕ


ಅದಿಯಮಾನ್‌ಕೋಟೆ
4 ನವೆಂಬರ್ 1973

ಮಾದೇಶಾ,

ನಿನ್ನ ಉತ್ತರ ಬರಲಿಲ್ಲ. ಹೋಗಿ ಹೇಳು ಅಂತ ನಿನಗೆ ಬುದ್ಧಿ ಹೇಳಿ ನಾನು ಮನೆಯಲ್ಲಿ ಕೂತರೆ ಯಾವ ನ್ಯಾಯ? ನಿನ್ನ ಭಾವನಿಗೆ ಎಲ್ಲ ಹೇಳಿದೆ. ಅವರು "ನಾನೂ ಬರಲಾ?" ಅಂದರು. ಬೇಡ ಅಂದೆ. ನಿನ್ನೆ ಬೆಳಿಗ್ಗೆ ಬಸ್ಸು ಹತ್ತಿ ಮೊರಪ್ಪೂರಿಗೆ ಹೋದೆ.

ಜವರಪ್ಪನ ಮನೆ ಸ್ಟೇಷನ್ನಿನ ಹಿಂದೆ. ಹೆಂಡತಿ ಮಾದಮ್ಮ ಅಂಗಳದಲ್ಲಿ ಆಡು ಕಟ್ಟುತ್ತಿದ್ದಳು. ಅಪ್ಪನ ಹೆಸರೇ ಹೇಳಿ, ನಾನು ಅಪ್ಪಯ್ಯನ ಮಗಳು ಸಣ್ಣಕ್ಕ ಅಂದೆ. ಅವನು ಒಳಗಿನಿಂದಲೇ, "ಗೊತ್ತು ಕಣವ್ವಾ. ಬಾ, ಕೂತ್ಕೋ" ಅಂದ. ಕೂರಲಿಲ್ಲ. ನಿಂತೇ ಹೇಳಿದೆ. ಮರಿಯ ಕಾಲು ಬಿಚ್ಚಿದವಳು ನಾನು ಅಂತ.

"ಏನಂದೆ? ಇನ್ನೊಂದ್ ಸಲ ಯೋಳು."

ಹೇಳಿದೆ. ಅವನು ಗೋಡೆ ಹಿಡಿದುಕೊಂಡು ಎದ್ದು ಬಂದ.

"ಅಂಗಾರೆ ನಾನ್ ಕಟ್ಟಿದ್ದು ಬಿಗಿಯಾಗಿತ್ತಾ?"

"ಬಿಗಿಯಾಗಿತ್ತು. ಕೈಯಲ್ಲಿ ಬಿಚ್ಚಕ್ ಆಗ್ಲಿಲ್ಲ. ಹಲ್ಲಲ್ಲಿ ಬಿಚ್ಚಿದೆ."

ಮಾದಮ್ಮ ಹಣೆ ಹಣೆ ಚಚ್ಚಿಕೊಂಡು ಅತ್ತಳು. "ಇಪ್ಪತ್ತ್ ವರ್ಷದಿಂದ ಈ ಮನುಷ್ಯ ಒಂದ್ ಗಂಟು ಆಕಿಲ್ಲ ಕಣವ್ವಾ. ಆಡಿಗೆ ಹಗ್ಗ ನಾನೇ ಕಟ್ಬೇಕು. ಮಗಳ ಮದುವೇಲಿ ಕಂಕಣ ಕಟ್ಟು ಅಂದ್ರೂ ಕಟ್ನಿಲ್ಲ. ನನ್ ಕೈ ಸರಿಯಿಲ್ಲ, ಅಪ್ಪಯ್ಯನ್ನ ಕೊಂದ್ ಕೈ ಇದು, ಅಂತಾನೆ."

ಮಾದೇಶಾ, ಅವನು ತನ್ನದೇ ತಪ್ಪು ಅಂತ ನಂಬಿದ್ದ! ನಾನು ತಿಳಿದಿದ್ದೆ, ಅವನಿಗೆ ತಾನು ತಪ್ಪು ಮಾಡಿಲ್ಲ ಅಂತಾದರೂ ಗೊತ್ತಿರುತ್ತದೆ ಅಂತ. ಅದನ್ನೂ ನಾನೇ ಕಿತ್ತುಕೊಂಡಿದ್ದೆ.

ಕಾಲಿಗೆ ಬೀಳಲು ಹೋದೆ. ಹಿಂದಕ್ಕೆ ಸರಿದ. "ಮುಟ್ಬ್ಯಾಡ. ಓಗು. ಊರಾಗೆ ಯೋಳು, ನಂತಾವ ಯೋಳಿದ್ರೆ ಏನ್ ಬಂತು" ಅಂದ. ಬಾಗಿಲು ಹಾಕಿಕೊಂಡ. ಅವನು ಕ್ಷಮಿಸಲಿಲ್ಲ. ಯಾಕೆ ಕ್ಷಮಿಸಬೇಕು?

ನಿನ್ನ ರಾಜಗೋಪಾಲರಿಗೆ ಮೊಮ್ಮಕ್ಕಳು ಹೋದ ಮೇಲೆ ತಮ್ಮ ಸಹಿ ಮಾತ್ರ ಉಳಿಯುತ್ತದೆ. ತಪ್ಪು ಎಲ್ಲಿ ಆಯಿತು ಅಂತ ಅವರಿಗೆ ಗೊತ್ತೇ ಆಗುವುದಿಲ್ಲ. ಈಗಲೇ ಹೋಗು.

ಸಣ್ಣಕ್ಕ


ಅದಿಯಮಾನ್‌ಕೋಟೆ
16 ನವೆಂಬರ್ 1973

ಮಾದೇಶಾ,

ನಿನ್ನೆ ಹದಿನೈದು. ಹಡಗು ಹೊರಟಿತಾ? ನಿನ್ನ ಭಾವ ಧರ್ಮಪುರಿ ಬಸ್ ಸ್ಟ್ಯಾಂಡಿಗೆ ಹೋಗಿ ಪೇಪರು ಕೊಂಡು, ಒಂದೊಂದೇ ಸಾಲು ಓದಿಸಿಕೊಂಡು ಬಂದರು. ಹಡಗಿನ ಸುದ್ದಿ ಏನೂ ಇಲ್ಲವಂತೆ. ಇಲ್ಲದಿರುವುದು ಒಳ್ಳೆಯದಾ ಕೆಟ್ಟದ್ದಾ ಅಂತ ನನಗೆ ತಿಳಿಯುತ್ತಿಲ್ಲ. ಪೋಸ್ಟ್‌ಮ್ಯಾನ್ ಬೀದಿಗೆ ಬಂದರೆ ಬಾಗಿಲಿಗೆ ಓಡುತ್ತೇನೆ. ನನ್ನ ಮೇಲಿನ ಕೋಪಕ್ಕಾದರೂ ನಾಲ್ಕು ಸಾಲು ಬರಿ.

ಸಣ್ಣಕ್ಕ


ಬೊಂಬಾಯಿ
18 ನವೆಂಬರ್ 1973

ಅಕ್ಕನಿಗೆ,

ಹಡಗು ಹೊರಡಲಿಲ್ಲ.

ನಿನ್ನ ಅಕ್ಟೋಬರಿನ ಕಾಗದ ಓದಿದ ಮೇಲೆ ನಿನಗೆ ಒಂದಕ್ಷರ ಬರೆಯಬಾರದು ಅಂದುಕೊಂಡೆ. ಜೇಬಿನಲ್ಲಿ ಇಟ್ಟುಕೊಂಡೇ ತಿರುಗಿದೆ. ಎರಡನೆಯದು ಹತ್ತರಂದು ಬಂತು. ಬಸ್ ಸ್ಟಾಪಿನಲ್ಲಿ ನಿಂತು ಓದಿದೆ, ನೇರ ರಾಜಗೋಪಾಲರ ಮೇಜಿಗೆ ಹೋದೆ. ಹಾಳೆಯನ್ನು ಅವರ ಮುಂದೆ ಇಟ್ಟು, ತಪ್ಪಿದ ಕಡೆ ಬೆರಳಿಟ್ಟೆ.

ಅವರು ಈ ಸಲ ಹಾಳೆ ತಿರುವಿ ನೋಡಿದರು. "ಯಾವಾಗ್ಲಿಂದ ಗೊತ್ತು?" ಅಂದರು. ಎರಡು ತಿಂಗಳಿಂದ ಅಂದೆ. "ಎರಡ್ ತಿಂಗಳಾ... ನನ್ ಮೊಮ್ಮಗೂನ ಎತ್ತಿ ಆಡ್ಸಿದ್ದಲ್ಲೋ ನೀನು" ಅಂದರು. ಬೈದಿದ್ದರೆ ಚೆನ್ನಾಗಿತ್ತು. ತಾವೇ ಎದ್ದು ಹಾಳೆಯನ್ನು ಮ್ಯಾನೇಜರ್ ಅರುಣಾಚಲಂ ಅವರ ಕೋಣೆಗೆ ಒಯ್ದರು.

ಅರುಣಾಚಲಂ ನಂಬಲಿಲ್ಲ. ಹದಿಮೂರರಂದು ಹಡಗನ್ನು ಮತ್ತೆ ವಾಲಿಸಿ ನೋಡಿದರು. ಟ್ಯಾಂಕಿನ ತುಂಬ ನೀರು, ಚಾವಣಿಯ ಕೆಳಗೆ ಜನರ ಬದಲು ಮರಳಿನ ಮೂಟೆಗಳು. ತೂಗುಗುಂಡಿನ ಹತ್ತಿರ ನನ್ನನ್ನೇ ಕೂರಿಸಿದರು. ಮೇಲೆ ಕಾಲು ಭಾಗದಷ್ಟು ಮೂಟೆಯನ್ನು ಒಂದು ಪಕ್ಕಕ್ಕೆ ಸರಿಸಿದ್ದರಷ್ಟೆ. ದಾರ ಮಿತಿಯ ಗುರುತನ್ನು ದಾಟಿ ಹೋಗುತ್ತಲೇ ಇತ್ತು. ಹಡಗಿನ ಹೊಟ್ಟೆಯಲ್ಲಿ ಒಬ್ಬನೇ ಇದ್ದೆ ಅಕ್ಕಾ. ನೆಲ ನನ್ನ ಕೆಳಗೇ ಜಾರುತ್ತಿತ್ತು, ಮೇಜಿನ ಮೇಲಿನ ಪೆನ್ಸಿಲು ಉರುಳಿ ಬಿತ್ತು. ಅಷ್ಟರಲ್ಲಿ ಮೇಲಿಂದ ರಾಜಗೋಪಾಲ್, "ನಿಲ್ಸ್ರೋ! ವಾಪಸ್ ಎಳೀರೋ!" ಅಂತ ಚೀರಿದ್ದು ಕೇಳಿಸಿತು. ಹಡಗು ಸುಮಾರು ಹೊತ್ತು ಹಾಗೇ ನಿಂತಿದ್ದು, ನಿಧಾನವಾಗಿ ಮೇಲೆದ್ದಿತು.

ಈಗ ಟ್ಯಾಂಕು ಕಿತ್ತು ಕೆಳಗೆ ಇಳಿಸುತ್ತಿದ್ದಾರೆ. ಚಾವಣಿಯನ್ನೂ ತೆಗೆಯುತ್ತಾರೆ. ನನ್ನನ್ನು ತಿಂಗಳ ಕೊನೆಗೆ ಕೆಲಸದಿಂದ ತೆಗೆಯುತ್ತಾರೆ. ರಾಜಗೋಪಾಲರ ಮೇಲೆ ವಿಚಾರಣೆ ನಡೆಯುತ್ತಿದೆ. ಅವರು ನನ್ನ ಜೊತೆ ಮಾತಾಡುವುದಿಲ್ಲ.

ಅಪ್ಪನ ವಿಷಯ ನಿನಗೆ ಏನು ಬರೆಯಲಿ ಅಂತ ತಿಳಿಯುತ್ತಿಲ್ಲ. ನಿನ್ನ ಮೇಲೆ ಕೋಪವಿದೆ. ನೀನು ಹನ್ನೆರಡು ವರ್ಷದವಳು ಅಂತಲೂ ಗೊತ್ತಿದೆ. ಎರಡೂ ಒಟ್ಟಿಗೇ ಇವೆ.

ಒಂದು ಮಾತು ನಿನಗೆ ಗೊತ್ತಿಲ್ಲ. ಅವತ್ತು ನೀನು ಕಣ್ಣು ಮುಚ್ಚಿ ಮಲಗಿದ್ದೆಯಲ್ಲ, ಆಗ ದಡದ ಮೇಲಿದ್ದ ಗಂಡಸರು ಸತ್ತವನ ಮಗ ಅಂತ ನನ್ನ ಕೈಗೆ ಒಂದು ಕಲ್ಲು ಕೊಟ್ಟರು. ಜವರಪ್ಪನನ್ನು ಇಬ್ಬರು ಹಿಡಿದುಕೊಂಡಿದ್ದರು. ನಾನು ಎಸೆದೆ. ಅವನ ಹಲ್ಲು ಮುರಿಯಿತು. ಅವನು ನನ್ನನ್ನು ನೋಡಿ, "ಹೊಡಿ ಮಗಾ, ನಿಂಗೆ ಹಕ್ಕೈತೆ" ಅಂದ. ಇನ್ನೊಂದು ಕಲ್ಲು ಕೊಟ್ಟರು. ಅದನ್ನೂ ಎಸೆದೆ.

ಡಿಸೆಂಬರ್ ಎರಡರಂದು ಜೋಲಾರಪೇಟೆಯಲ್ಲಿ ಗಾಡಿ ಬದಲಾಯಿಸಿ ಮೊರಪ್ಪೂರಿಗೆ ಬರುತ್ತೇನೆ. ಮನೆಗೆ ಬರುವ ಮೊದಲು ಜವರಪ್ಪನ ಹತ್ತಿರ ಹೋಗಬೇಕು. ನೀನೂ ಸ್ಟೇಷನ್ನಿಗೆ ಬಾ ಅಕ್ಕಾ. ಅವನ ಮುಂದೆ ಒಬ್ಬನೇ ಹೋಗಿ ನಿಲ್ಲಲು ನನಗೆ ಭಯ.

ನಿನ್ನ ತಮ್ಮ,
ಮಾದೇಶ